ಅಮೆರಿಕದ ಪೇಟೆಂಟ್ ಬಾರ್ ಪರೀಕ್ಷೆ: ಪುಸ್ತಕ ಕಣ್ಣೆದುರಿಗೇ ಇದ್ದರೂ ಯಾಕಿಷ್ಟು ಕಷ್ಟ?

ಹೋದ ತಿಂಗಳು ನ್ಯೂಜೆರ್ಸಿಯಿಂದ ನಮ್ಮ ಅಣ್ಣನ ಮಗಳು ಫೋನ್ ಮಾಡಿದ್ದಳು. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಮಾಡಿದವಳು, ಒಂಬತ್ತು ವರ್ಷದಿಂದ ಚಿಪ್ ಡಿಸೈನ್ ಕೆಲಸದಲ್ಲಿದ್ದಾಳೆ. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಅವಳಿಗೆ ನಿದ್ದೆ ಕೆಟ್ಟಿದೆ. "ಚಿಕ್ಕಪ್ಪ, ಲಾ ಓದದೇನೇ ಪೇಟೆಂಟ್ ಕೆಲಸ ಮಾಡಬಹುದಂತೆ, ಕಂಪ್ಯೂಟರ್ ಮುಂದೆ ಕೂತು ಒಂದು ಪರೀಕ್ಷೆ ಬರೆದರೆ ಸಾಕಂತೆ, ಅದೂ ಪುಸ್ತಕ ನೋಡಿಕೊಂಡೇ ಬರೆಯಬಹುದಂತೆ, ನಿಜಾನಾ?" ಅಂತ ಕೇಳಿದಳು.

ಮೂರೂ ನಿಜ. ಲಾ ಪದವಿ ಬೇಡ, ಪರೀಕ್ಷೆ ಕಂಪ್ಯೂಟರಿನಲ್ಲೇ, ಪುಸ್ತಕವೂ ಪರದೆಯ ಮೇಲೇ ಇರುತ್ತದೆ. ಆದರೂ ಎಷ್ಟೋ ವರ್ಷ ಬರೆದವರಲ್ಲಿ ಅರ್ಧದಷ್ಟು ಜನವೂ ಪಾಸಾಗಿಲ್ಲ. ನಾನೂ ಮೊದಲ ಸಲ ಫೇಲಾದವನೇ. ಯಾಕೆ ಅನ್ನೋದು ಅರ್ಥವಾಗಬೇಕಾದರೆ ಪೇಟೆಂಟ್ ಅಂದರೆ ಏನು ಅನ್ನುವಲ್ಲಿಂದಲೇ ಶುರು ಮಾಡಬೇಕು. ಅವಳಿಗೆ ಫೋನಿನಲ್ಲಿ ಒಂದೂವರೆ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆಯುತ್ತಿದ್ದೇನೆ.

ಪೇಟೆಂಟ್ ಅಂದರೆ ಚಕ್ಕುಬಂದಿ

ಸೈಟು ಕೊಂಡವರಿಗೆ ಕ್ರಯಪತ್ರ ಗೊತ್ತಿರುತ್ತದೆ. ಅದರಲ್ಲಿ ಮುಖ್ಯವಾದ ಭಾಗ ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ 14, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಇಂಥವರ ಜಾಗ. ಪತ್ರದಲ್ಲಿ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಚಕ್ಕುಬಂದಿ ತಪ್ಪಿದರೆ ಜಾಗ ಹೋಯಿತು.

ಪೇಟೆಂಟ್ ಕೂಡ ಹಾಗೇ. ಅದರಲ್ಲಿ ಎರಡು ಭಾಗ. ಮೊದಲನೆಯದು ವಿವರಣೆ: ನೀವು ಕಂಡುಹಿಡಿದದ್ದು ಏನು, ಅದನ್ನು ಹೇಗೆ ಮಾಡುವುದು, ಹೇಗೆ ಬಳಸುವುದು, ಚಿತ್ರ ಸಮೇತ. ಎರಡನೆಯದು ಕ್ಲೇಮುಗಳು: ಕೊನೆಯಲ್ಲಿ ನಂಬರ್ ಹಾಕಿ ಬರೆಯುವ ವಾಕ್ಯಗಳು. ಈ ಕ್ಲೇಮುಗಳೇ ಚಕ್ಕುಬಂದಿ. ನಿಮ್ಮ ಹಕ್ಕು ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಹೇಳುವುದು ಅವು ಮಾತ್ರ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಮುಂದೆಯೂ ಇದೇ ಬೇಕಾಗುತ್ತದೆ. ಸುಮಾ ಅನ್ನೋರು ಕುಕ್ಕರ್ ಸೀಟಿ ಎಣಿಸುವ ಒಂದು ಸಾಧನ ಮಾಡಿದ್ದಾರೆ ಅಂದುಕೊಳ್ಳಿ. ಮೂರು ಸೀಟಿ ಆದ ಕೂಡಲೇ ಗಂಟೆ ಹೊಡೆಯುತ್ತದೆ. ಕ್ಲೇಮ್ 1: ಸೀಟಿಯ ಸದ್ದನ್ನು ಗುರುತಿಸುವ ಮೈಕು, ಎಣಿಸುವ ಸರ್ಕ್ಯೂಟ್, ಲೆಕ್ಕ ತುಂಬಿದಾಗ ಸದ್ದು ಮಾಡುವ ಗಂಟೆ, ಇವು ಮೂರೂ ಇರುವ ಸಾಧನ. ಕ್ಲೇಮ್ 2: ಕ್ಲೇಮ್ 1ರಲ್ಲಿ ಹೇಳಿದ್ದೇ, ಜೊತೆಗೆ ಗ್ಯಾಸ್ ತಾನಾಗಿ ಆಫ್ ಮಾಡುವ ವಾಲ್ವ್. ಕ್ಲೇಮ್ 1 ದೊಡ್ಡ ಬೇಲಿ, ಕ್ಲೇಮ್ 2 ಅದರೊಳಗಿನ ಚಿಕ್ಕ ಬೇಲಿ. ದೊಡ್ಡದು ಬಿದ್ದರೂ ಚಿಕ್ಕದು ಉಳಿಯಲಿ ಅಂತ ಹೀಗೆ ಬರೆಯುತ್ತಾರೆ.

ಇನ್ನೊಂದು ಮಾತು. ಪೇಟೆಂಟ್ ಸಿಕ್ಕಿತು ಅಂದರೆ ಸಾಧನ ತಯಾರಿಸಲು ಸರ್ಕಾರ ಅನುಮತಿ ಕೊಟ್ಟಿತು ಅಂತ ಅಲ್ಲ. ಬೇರೆಯವರು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು ಸಿಕ್ಕಿತು ಅಂತ. ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದಕ್ಕೆ ಬದಲಾಗಿ ಸುಮಾ ತಮ್ಮ ಗುಟ್ಟನ್ನೆಲ್ಲ ಜಗತ್ತಿಗೆ ತೆರೆದಿಡಬೇಕು. ಕೊಡುಕೊಳ್ಳುವ ಲೆಕ್ಕ ಅಷ್ಟೇ.

ಸರ್ಕಾರ ಸುಮ್ನೆ ಕೊಡಲ್ಲ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿರುವ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ಒಬ್ಬ ಎಗ್ಸಾಮಿನರ್ ಅರ್ಜಿ ನೋಡುತ್ತಾರೆ. ಅವರು ಕೇಳುವುದು ಮುಖ್ಯವಾಗಿ ನಾಲ್ಕು ಪ್ರಶ್ನೆ. ಇದು ಪೇಟೆಂಟ್ ಕೊಡಬಹುದಾದ ಜಾತಿಯ ವಿಷಯವೇ? ಅದು ಕಾನೂನಿನ 101ನೇ ಸೆಕ್ಷನ್. ಇದು ಹೊಸದೇ? 102. ಹೊಸದೇ ಆದರೂ, ಆ ಕೆಲಸ ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದ್ದೇ? 103. ಓದಿದವರು ಮಾಡಿಕೊಳ್ಳುವಷ್ಟು ಸ್ಪಷ್ಟವಾಗಿ ಬರೆದಿದ್ದೀರಾ? 112. ಪೇಟೆಂಟ್ ಕೆಲಸ ಮಾಡುವವರು ಈ ನಾಲ್ಕು ನಂಬರುಗಳನ್ನು ಮನೆಮಂದಿಯ ಹೆಸರಿನ ಹಾಗೆ ಬಳಸುತ್ತಾರೆ. "ಒಂದು ನೂರಾಮೂರು ಬಂತು" ಅಂದರೆ, ಹೊಸದಿರಬಹುದು, ಆದರೆ ಎರಡು ಹಳೇದನ್ನು ಜೋಡಿಸಿದ್ದೀರಿ ಅಷ್ಟೇ, ಯಾರಿಗಾದರೂ ಹೊಳೆಯುವಂಥದ್ದು ಅಂತ ಎಗ್ಸಾಮಿನರ್ ತಕರಾರು ತೆಗೆದಿದ್ದಾರೆ ಅಂತ ಅರ್ಥ.

ಏಜೆಂಟ್ ಯಾರು, ಅಟಾರ್ನಿ ಯಾರು

ಸಬ್‌ರಿಜಿಸ್ಟ್ರಾರ್ ಕಚೇರಿ ಹತ್ತಿರ ಪತ್ರ ಬರಹಗಾರರು ಇರುತ್ತಾರಲ್ಲ, ಲೈಸೆನ್ಸ್ ಇಟ್ಟುಕೊಂಡು? ಪೇಟೆಂಟ್ ಏಜೆಂಟ್ ಸುಮಾರಾಗಿ ಅಂಥವರು, ಜವಾಬ್ದಾರಿ ಮಾತ್ರ ಇನ್ನೂ ಜಾಸ್ತಿ. ಸಂಶೋಧಕರ ಪರವಾಗಿ ಅರ್ಜಿ ಬರೆಯುತ್ತಾರೆ, ಕ್ಲೇಮ್ ಬರೆಯುತ್ತಾರೆ, ಎಗ್ಸಾಮಿನರ್ ತಕರಾರು ತೆಗೆದರೆ ಉತ್ತರ ಕೊಡುತ್ತಾರೆ, ಫೋನಿನಲ್ಲಿ ವಾದ ಮಾಡುತ್ತಾರೆ. ಇದೆಲ್ಲ ಪೇಟೆಂಟ್ ಕಚೇರಿಯ ಒಳಗೆ. ಕೋರ್ಟಿಗೆ ಹೋಗಿ "ನಮ್ಮ ಪೇಟೆಂಟ್ ಕದ್ದಿದ್ದಾರೆ" ಅಂತ ವಾದಿಸಲು ಏಜೆಂಟ್‌ಗೆ ಆಗುವುದಿಲ್ಲ, ಅದಕ್ಕೆ ವಕೀಲರೇ ಬೇಕು.

ಪೇಟೆಂಟ್ ಅಟಾರ್ನಿ ಅಂದರೆ ಎರಡೂ ಇರುವವರು: ಯಾವುದಾದರೂ ರಾಜ್ಯದ ವಕೀಲಿ ಲೈಸೆನ್ಸ್, ಜೊತೆಗೆ ಪೇಟೆಂಟ್ ಕಚೇರಿಯ ಈ ಪರೀಕ್ಷೆ. ಇಬ್ಬರೂ ಬರೆಯುವುದು ಒಂದೇ ಪರೀಕ್ಷೆ. ವಕೀಲರು ಅಂತ ಅವರಿಗೆ ಸುಲಭದ ಪ್ರಶ್ನೆಪತ್ರಿಕೆ ಏನೂ ಇಲ್ಲ. ಹೆಸರಾಂತ ವಕೀಲರಾದರೂ ಈ ಪರೀಕ್ಷೆ ಪಾಸಾಗದೆ ಇನ್ನೊಬ್ಬರ ಪೇಟೆಂಟ್ ಅರ್ಜಿಯನ್ನು ಕಚೇರಿಯ ಮುಂದೆ ನಡೆಸುವಂತಿಲ್ಲ. ಟ್ರೇಡ್‌ಮಾರ್ಕ್‌ಗೆ ಇಂಥ ಪರೀಕ್ಷೆ ಇಲ್ಲ, ಅದನ್ನು ಯಾವ ವಕೀಲರೂ ಮಾಡಬಹುದು. ಜನ ಇವೆರಡನ್ನೂ ಒಂದೇ ಅಂದುಕೊಂಡುಬಿಡುತ್ತಾರೆ.

"ಪೇಟೆಂಟ್ ಬಾರ್" ಅನ್ನೋದು ಬಾಯಿಮಾತಿನ ಹೆಸರು. ಕಾಗದಪತ್ರದಲ್ಲಿ ಇದು ಪೇಟೆಂಟ್ ಕಚೇರಿಯ ನೋಂದಣಿ ಪರೀಕ್ಷೆ.

ಯಾರು ಕೂರಬಹುದು

ಇಲ್ಲಿ ನಮ್ಮ ಕಡೆಯ ಎಂಜಿನಿಯರುಗಳಿಗೆ ಒಳ್ಳೆಯ ಸುದ್ದಿಯೂ ಇದೆ, ಒಂದು ಗಂಟೂ ಇದೆ.

ಪೇಟೆಂಟ್ ಕಚೇರಿ ಕೇಳುವುದು ವಿಜ್ಞಾನ ಅಥವಾ ತಂತ್ರಜ್ಞಾನದ ತಿಳಿವಳಿಕೆ. ಅದನ್ನು ತೋರಿಸಲು ಮೂರು ದಾರಿ. ಎ ವರ್ಗ: ಅವರ ಪಟ್ಟಿಯಲ್ಲಿರುವ ಹೆಸರಿನ ಪದವಿ ಇದ್ದರೆ ಆಯಿತು. ಬಿ ವರ್ಗ: ಪದವಿಯ ಹೆಸರು ಪಟ್ಟಿಯಲ್ಲಿ ಇಲ್ಲ, ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಎಂಜಿನಿಯರಿಂಗ್ ಇಂಥ ವಿಷಯಗಳನ್ನು ಇಷ್ಟಿಷ್ಟು ಗಂಟೆ ಓದಿದ್ದೇನೆ ಅಂತ ಅಂಕಪಟ್ಟಿಯಿಂದ ತೋರಿಸಬೇಕು. ಸಿ ವರ್ಗ: ಎಂಜಿನಿಯರಿಂಗ್ ಮೂಲ ವಿಷಯಗಳ ಬೇರೆಯೇ ಒಂದು ಪರೀಕ್ಷೆ ಪಾಸಾಗಿರುವವರಿಗೆ.

ಗಂಟು ಏನಪ್ಪಾ ಅಂದರೆ, ನಮ್ಮ ಪದವಿಗಳ ಹೆಸರು. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಓದಿದವರಿಗೆ ತೊಂದರೆ ಕಡಿಮೆ. ಇನ್ಫರ್ಮೇಶನ್ ಸೈನ್ಸ್ ಅಂತ ನಮ್ಮಲ್ಲಿ ಸಾವಿರಾರು ಜನ ಓದಿದ್ದಾರೆ. ಹೆಸರು ಪಟ್ಟಿಯಲ್ಲಿರುವುದಕ್ಕೆ ಹೊಂದದಿದ್ದರೆ ಬಿ ವರ್ಗದಲ್ಲಿ, ಒಂದೊಂದು ವಿಷಯದ ಹೆಸರು ತೋರಿಸಿಕೊಂಡು ಹೋಗಬೇಕು. ಭಾರತದ ಪದವಿ ಅಮೆರಿಕದ ಪದವಿಗೆ ಸಮ ಅಂತ ಮೌಲ್ಯಮಾಪನ ವರದಿಯೂ ಬೇಕು. ಅಂಕಪಟ್ಟಿ ವಿಶ್ವವಿದ್ಯಾಲಯದಿಂದ ತರಿಸುವುದಕ್ಕೇ ಎರಡು ಮೂರು ತಿಂಗಳು ಹೋಗಬಹುದು, ಆದ್ದರಿಂದ ಓದು ಶುರು ಮಾಡುವ ಮೊದಲೇ ಆ ಕೆಲಸ ಹಚ್ಚಿಬಿಡಿ. ಊರಿನಲ್ಲಿ ಅಪ್ಪನೋ ತಮ್ಮನೋ ಕಚೇರಿಗೆ ಓಡಾಡಬೇಕಾಗುತ್ತದೆ, ಅದೂ ಲೆಕ್ಕದಲ್ಲಿರಲಿ.

ಈಚಿನ ವರ್ಷಗಳಲ್ಲಿ ಈ ಪಟ್ಟಿ ದೊಡ್ಡದಾಗಿದೆ. 2021ರಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್, ಜೆನೆಟಿಕ್ಸ್, ಮೆಟೀರಿಯಲ್ ಸೈನ್ಸ್, ಟೆಕ್ಸ್‌ಟೈಲ್ ಎಂಜಿನಿಯರಿಂಗ್ ಇಂಥವನ್ನು ಸೇರಿಸಿದರು. 2024ರ ಜನವರಿಯಿಂದ ಡಿಸೈನ್ ಪೇಟೆಂಟ್‌ಗಳಿಗೆ ಮಾತ್ರ ಒಂದು ಬೇರೆ ದಾರಿಯೂ ಶುರುವಾಗಿದೆ. ವಸ್ತುವಿನ ಅಂದ, ಆಕಾರ ಕಾಪಾಡುವ ಪೇಟೆಂಟ್ ಅದು. ಕೈಗಾರಿಕಾ ವಿನ್ಯಾಸ, ಗ್ರಾಫಿಕ್ ವಿನ್ಯಾಸ ಓದಿದವರಿಗೂ ಈಗ ಅವಕಾಶ ಇದೆ.

ಪದವಿಯ ಜೊತೆ ನಡತೆಯನ್ನೂ ಕೇಳುತ್ತಾರೆ. ಹಳೆಯ ಕೇಸು, ಕೆಲಸದಿಂದ ತೆಗೆದ ವಿಷಯ, ಇಂಥದ್ದನ್ನೆಲ್ಲ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಬೇಕು. ಸಣ್ಣ ತಪ್ಪು ಇದ್ದರೆ ಅದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ಪರೀಕ್ಷೆಯ ಲೆಕ್ಕ

2004ರವರೆಗೆ ಇದು ಕಾಗದದ ಮೇಲಿನ ಪರೀಕ್ಷೆ, ವರ್ಷಕ್ಕೆ ಎರಡೇ ಸಲ. ಆಗ ಬರೆದವರು ಬಣ್ಣಬಣ್ಣದ ಚೀಟಿ ಅಂಟಿಸಿದ ದಪ್ಪ ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದರು. 2004ರಲ್ಲಿ ಕಂಪ್ಯೂಟರಿಗೆ ಬಂತು. ಆಮೇಲೆ ಬಹಳ ವರ್ಷ ಪ್ರೊಮೆಟ್ರಿಕ್ ಅನ್ನುವ ಕಂಪನಿಯ ಕೇಂದ್ರಗಳಲ್ಲಿ ವರ್ಷವಿಡೀ ನಡೆಯಿತು. ನಾನು ಬರೆದದ್ದೂ ಹಾಗೇ. ಅರ್ಜಿ ಒಪ್ಪಿದ ಮೇಲೆ 90 ದಿನದ ಕಿಟಕಿ ಕೊಟ್ಟಿದ್ದರು, ಅದರೊಳಗೆ ನಮಗೆ ಬೇಕಾದ ದಿನ ಹಿಡಿಯಬೇಕಿತ್ತು. ಫೇಲಾದರೆ ಮತ್ತೆ ಬರೆಯಲು 30 ದಿನ ಕಾಯಬೇಕಿತ್ತು.

ಪ್ರಶ್ನೆ 100. ಎಲ್ಲವೂ ಉತ್ತರ ಆರಿಸುವಂಥವು. ಬೆಳಿಗ್ಗೆ 50ಕ್ಕೆ ಮೂರು ಗಂಟೆ, ನಡುವೆ ಒಂದು ಗಂಟೆ ಬಿಡುವು, ಮಧ್ಯಾಹ್ನ 50ಕ್ಕೆ ಮೂರು ಗಂಟೆ. ಈ 100ರಲ್ಲಿ 10 ಪ್ರಶ್ನೆಗೆ ಅಂಕವೇ ಇಲ್ಲ. ಮುಂದಿನ ಪರೀಕ್ಷೆಗಳಿಗಾಗಿ ಕಚೇರಿಯವರು ಪರೀಕ್ಷಿಸಿ ನೋಡುತ್ತಿರುವ ಪ್ರಶ್ನೆಗಳು ಅವು. ಯಾವ ಹತ್ತು ಅಂತ ನಮಗೆ ಗೊತ್ತಾಗಲ್ಲ. ಉಳಿದ 90ರಲ್ಲಿ ಶೇಕಡಾ 70, ಅಂದರೆ 63 ಸರಿ ಇರಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು.

ಈಗ ಭಾಗಿಸಿ ನೋಡಿ. 180 ನಿಮಿಷಕ್ಕೆ 50 ಪ್ರಶ್ನೆ, ಒಂದಕ್ಕೆ ಮೂರು ನಿಮಿಷ 36 ಸೆಕೆಂಡ್. ಕೇಳಲು ಸಾಕಷ್ಟು ಅನ್ನಿಸುತ್ತದೆ. ಆದರೆ ಒಂದೊಂದು ಪ್ರಶ್ನೆ ಅರ್ಧ ಪುಟ ಇರುತ್ತದೆ. ನಾಲ್ಕು ದಿನಾಂಕ, ಇಬ್ಬರು ಸಂಶೋಧಕರು, ಒಂದು ಕಂಪನಿ, ಒಂದು ಹಳೆಯ ಲೇಖನ. ಓದುವುದಕ್ಕೇ ಒಂದೂವರೆ ನಿಮಿಷ ಹೋಯಿತು. ಉಳಿದ ಎರಡು ನಿಮಿಷದಲ್ಲಿ ಸಾವಿರಾರು ಪುಟದ ಪುಸ್ತಕದಲ್ಲಿ ಸರಿಯಾದ ಸಾಲು ಹುಡುಕಬೇಕು. ಪುಸ್ತಕ ತೆರೆದೇ ಇದ್ದರೂ ಕಷ್ಟ ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ಎಂಪಿಇಪಿ: ಮೇನ್, ಕ್ರಾಸ್ ಗೊತ್ತಿದ್ದವರಿಗೆ ಊರು

ಆ ಪುಸ್ತಕದ ಹೆಸರು ಎಂಪಿಇಪಿ. ಪೇಟೆಂಟ್ ಎಗ್ಸಾಮಿನರುಗಳಿಗಾಗಿ ಕಚೇರಿಯೇ ಬರೆದಿಟ್ಟಿರುವ ಕೈಪಿಡಿ. ಕಾನೂನು, ನಿಯಮ, ಕೋರ್ಟ್ ತೀರ್ಪುಗಳ ಸಾರ, ಯಾವ ಕಾಗದಕ್ಕೆ ಯಾವ ಫಾರಂ, ಎಲ್ಲ ಅದರಲ್ಲಿದೆ. ಅಧ್ಯಾಯಗಳಿಗೆ 100, 200 ಅಂತ ನೂರರ ನಂಬರು, 2900ರವರೆಗೆ. ಪರೀಕ್ಷೆಯ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲವೂ ಈ ಪುಸ್ತಕದಿಂದಲೇ.

ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಒಂದು ಮನೆ ಹುಡುಕುವುದನ್ನು ನೆನೆಸಿಕೊಳ್ಳಿ. ಹೊಸಬರು ಪ್ರತಿ ತಿರುವಿನಲ್ಲೂ ಬೋರ್ಡ್ ಓದುತ್ತಾ ಹೋಗುತ್ತಾರೆ. ಅಲ್ಲೇ ಬೆಳೆದವರಿಗೆ "ಎಂಟನೇ ಕ್ರಾಸ್" ಅಂದರೆ ಸಾಕು, ಕಾಲೇ ಕರಕೊಂಡು ಹೋಗುತ್ತದೆ. ಪ್ರತಿ ಮನೆಯ ನಂಬರ್ ಅವರಿಗೂ ಗೊತ್ತಿಲ್ಲ. ಆದರೆ ಯಾವ ಮೇನ್, ಯಾವ ಕ್ರಾಸ್ ಅಂತ ಗೊತ್ತು, ಅಲ್ಲಿ ಹೋಗಿ ಎರಡು ಗೇಟು ನೋಡಿದರೆ ಮನೆ ಸಿಗುತ್ತದೆ. ಎಂಪಿಇಪಿ ಓದುವುದು ಅಂದರೆ ಹೀಗೆ ಬೀದಿಗಳ ಪರಿಚಯ ಮಾಡಿಕೊಳ್ಳುವುದು.

2100 ದೊಡ್ಡ ಬೀದಿ. ಹೊಸದೇ, ಹೊಳೆಯುವಂಥದ್ದೇ, ಸ್ಪಷ್ಟವೇ ಅನ್ನುವ ಮೇಲಿನ ನಾಲ್ಕು ಪ್ರಶ್ನೆಗಳೂ ಇರುವುದು ಅಲ್ಲೇ, ಪರೀಕ್ಷೆಯಲ್ಲಿ ದೊಡ್ಡ ಪಾಲೂ ಅಲ್ಲಿಂದಲೇ. 700ರಲ್ಲಿ ಎಗ್ಸಾಮಿನರ್ ಮತ್ತು ಅರ್ಜಿದಾರರ ನಡುವಿನ ಪತ್ರವ್ಯವಹಾರ, ಗಡುವುಗಳು. 600ರಲ್ಲಿ ಅರ್ಜಿಯಲ್ಲಿ ಏನೇನಿರಬೇಕು ಅನ್ನೋದು. 200ರಲ್ಲಿ ಹಿಂದಿನ ಅರ್ಜಿಯ ದಿನಾಂಕ ಹಿಡಿದುಕೊಳ್ಳುವ ಬಗೆ. 1200 ಮೇಲ್ಮನವಿ, 1400 ಕೊಟ್ಟ ಪೇಟೆಂಟನ್ನು ತಿದ್ದುವುದು, 1800 ಅಂತರರಾಷ್ಟ್ರೀಯ ಅರ್ಜಿ. 1600 ಗಿಡಗಳ ಪೇಟೆಂಟ್, ಅದು ಚಿಕ್ಕ ಗಲ್ಲಿ, ಒಂದು ಸಂಜೆ ಸಾಕು.

ಪರದೆಯ ಮೇಲೆ ಇದು ಪಿಡಿಎಫ್ ಆಗಿ ಬರುತ್ತದೆ. ಒಂದು ಅಧ್ಯಾಯ ತೆರೆದು ಅದರೊಳಗೆ ಪದ ಹುಡುಕಬೇಕು, ಇಡೀ ಪುಸ್ತಕವನ್ನು ಗೂಗಲ್ ಮಾಡಿದ ಹಾಗೆ ಅಲ್ಲ. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಸಾಫ್ಟ್‌ವೇರ್‌ನಲ್ಲಿ ಹದಿನಾರು ವರ್ಷ ಇದ್ದವನು, ಹುಡುಕುವುದು ನನಗೆ ಗೊತ್ತಿಲ್ಲವೇ ಅನ್ನೋ ಧೈರ್ಯ ಇತ್ತು. "ಮೇಲ್ಮನವಿ" ಅನ್ನುವ ಪದಕ್ಕೆ ಹುಡುಕಿದರೆ ನೂರಾರು ಕಡೆ ಸಿಕ್ಕಿತು. ಒಂದೊಂದಾಗಿ ಕೆಳಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ 11 ಪ್ರಶ್ನೆ ಉಳಿದಿದ್ದವು, ಗಡಿಯಾರದಲ್ಲಿ 14 ನಿಮಿಷ. ಎರಡನೇ ಸಲ ಓದುವಾಗ ಹುಡುಕುವುದನ್ನು ಬಿಟ್ಟು ಪ್ರತಿ ಅಧ್ಯಾಯದ ವಿಷಯಸೂಚಿಯನ್ನು ಬರೆದು ಬರೆದು ಕಲಿತೆ. ಸಾಲು ನೆನಪಿಲ್ಲದಿದ್ದರೂ 710 ಅಂದರೆ ಗಡುವು, 2153 ಅಂದರೆ ಒಂದು ವರ್ಷದ ರಿಯಾಯಿತಿ ಅಂತ ಕೈಗೆ ಬಂತು. ಐದು ತಿಂಗಳು, ದಿನಾ ಬೆಳಿಗ್ಗೆ ಎರಡು ಗಂಟೆ ಹಿಡಿಯಿತು.

ಹಾಗಂತ ಎಲ್ಲವನ್ನೂ ಹುಡುಕಲೂ ಬಾರದು. ನನ್ನ ಲೆಕ್ಕ ಹೀಗಿತ್ತು: ಗಡುವುಗಳು, 102, 103ರ ಮೂಲ ನಿಯಮಗಳು, ಯಾವ ಕಾಗದಕ್ಕೆ ಯಾರು ಸಹಿ ಹಾಕಬೇಕು, ಇವು ತಲೆಯಲ್ಲೇ ಇರಬೇಕು. ಅಪರೂಪದ ಅರ್ಜಿಗಳು, ಫಾರಂ ವಿವರ, ಅಂತರರಾಷ್ಟ್ರೀಯ ಅರ್ಜಿಯ ಸಣ್ಣಪುಟ್ಟ ನಿಯಮ, ಇವನ್ನು ನೋಡಿಕೊಂಡರಾಯಿತು. ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗೆ ಪುಸ್ತಕ ತೆರೆಯದೇ ಉತ್ತರ ಬಂದರೆ ಉಳಿದವಕ್ಕೆ ಸಮಯ ಸಿಗುತ್ತದೆ.

ಒಂದು ಪ್ರಶ್ನೆ ಬಿಡಿಸೋಣ

ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಕೊಂಡೇ ಒಳಗೆ ಹೋಗಬೇಕು, ಆದ್ದರಿಂದ ಇದು ನಾನೇ ಕಟ್ಟಿದ್ದು. ಕಚೇರಿಯವರು 2003ರವರೆಗಿನ ಹಳೆಯ ಪತ್ರಿಕೆಗಳನ್ನು ತಾವೇ ಬಿಡುಗಡೆ ಮಾಡಿದ್ದಾರೆ. ಪ್ರಶ್ನೆಯ ಧಾಟಿ ತಿಳಿಯಲು ಅವು ಒಳ್ಳೆಯವು. ಕಾನೂನು ಮಾತ್ರ ಆಮೇಲೆ ತುಂಬಾ ಬದಲಾಗಿದೆ, ಹಳೆಯ ಉತ್ತರವನ್ನು ಹಾಗೇ ನಂಬಬೇಡಿ.

ನಮ್ಮ ಸುಮಾ ಅವರಿಗೆ ಬರೋಣ. 2023ರ ಮಾರ್ಚ್ 10ರಂದು ಒಂದು ಮೇಳದಲ್ಲಿ ಅವರು ಪೂರ್ತಿ ಸಾಧನವನ್ನು, ಗಂಟೆ ಮತ್ತು ಗ್ಯಾಸ್ ವಾಲ್ವ್ ಎರಡನ್ನೂ ಸೇರಿಸಿ, ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಿ ಎಲ್ಲರಿಗೂ ತೋರಿಸಿದರು. 2024ರ ಮಾರ್ಚ್ 1ರಂದು ಅಮೆರಿಕದಲ್ಲಿ ಪ್ರಾವಿಜನಲ್ ಅರ್ಜಿ ಹಾಕಿದರು. ಪ್ರಾವಿಜನಲ್ ಅಂದರೆ ಮುಂಗಡ ಕೊಟ್ಟು ಸೈಟು ಹಿಡಿದಿಟ್ಟ ಹಾಗೆ, 12 ತಿಂಗಳೊಳಗೆ ಪೂರ್ಣ ಅರ್ಜಿ ಹಾಕಬೇಕು. ಆ ಪ್ರಾವಿಜನಲ್‌ನಲ್ಲಿ ಮೈಕು, ಎಣಿಕೆ, ಗಂಟೆ ಬರೆದಿದ್ದರು, ವಾಲ್ವ್ ಬರೆಯಲು ಮರೆತರು. 2025ರ ಮಾರ್ಚ್ 3ರಂದು ಪೂರ್ಣ ಅರ್ಜಿ ಹಾಕಿ, ಹಿಂದಿನ ಅರ್ಜಿಯ ದಿನಾಂಕ ತಮಗೆ ಸಲ್ಲಬೇಕು ಅಂತ ಕೇಳಿದರು. ಕ್ಲೇಮ್ 1ರಲ್ಲಿ ಗಂಟೆ, ಕ್ಲೇಮ್ 2ರಲ್ಲಿ ವಾಲ್ವ್. ಸುಮಾ ಅವರ ಸ್ವಂತ ಮೇಳದ ಪ್ರದರ್ಶನವೇ ಅವರಿಗೆ ಅಡ್ಡ ಬರುತ್ತದೆಯೇ?

ಮೊದಲ ಗಂಟು ದಿನಾಂಕದ್ದು. 12 ತಿಂಗಳು ಮುಗಿದದ್ದು 2025ರ ಮಾರ್ಚ್ 1ಕ್ಕೆ. ಅರ್ಜಿ ಬಂದದ್ದು 3ಕ್ಕೆ. ತಡವಾಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಆ ಮಾರ್ಚ್ 1 ಶನಿವಾರ. ಗಡುವು ಶನಿವಾರ, ಭಾನುವಾರ ಅಥವಾ ಸರ್ಕಾರಿ ರಜೆಯ ದಿನ ಬಿದ್ದರೆ ಮುಂದಿನ ಕೆಲಸದ ದಿನದವರೆಗೆ ನಡೆಯುತ್ತದೆ. ಸೋಮವಾರ ಮಾರ್ಚ್ 3, ಸರಿಯಾಗಿದೆ.

ಎರಡನೆಯದು ರಿಯಾಯಿತಿ. ಸಂಶೋಧಕರೇ ತಮ್ಮ ಕೆಲಸ ಬಹಿರಂಗ ಮಾಡಿ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಅಮೆರಿಕದಲ್ಲಿ ಆ ಬಹಿರಂಗವನ್ನು ಅವರ ವಿರುದ್ಧ ಹಿಡಿಯುವುದಿಲ್ಲ. 2023ರ ಮಾರ್ಚ್ 10ರಿಂದ 2024ರ ಮಾರ್ಚ್ 1, ಒಂದು ವರ್ಷದೊಳಗೇ ಇದೆ. ಕ್ಲೇಮ್ 1ಕ್ಕೆ ಮೇಳ ಅಡ್ಡಿಯಲ್ಲ.

ಮೂರನೆಯದರಲ್ಲೇ ಜನ ಬೀಳುವುದು. ಹಿಂದಿನ ದಿನಾಂಕ ಇಡೀ ಅರ್ಜಿಗೆ ಒಟ್ಟಿಗೆ ಸಿಗುವುದಿಲ್ಲ, ಒಂದೊಂದು ಕ್ಲೇಮಿಗೆ ಬೇರೆ ಬೇರೆ ನೋಡುತ್ತಾರೆ. ವಾಲ್ವ್ ವಿಷಯ ಪ್ರಾವಿಜನಲ್‌ನಲ್ಲಿ ಇಲ್ಲ. ಹಾಗಾಗಿ ಕ್ಲೇಮ್ 2ಕ್ಕೆ ಸಿಗುವ ದಿನಾಂಕ 2025ರ ಮಾರ್ಚ್ 3. ಮೇಳ ನಡೆದು ಆಗ ಎರಡು ವರ್ಷ ಆಗುತ್ತಾ ಬಂದಿತ್ತು. ರಿಯಾಯಿತಿ ಇಲ್ಲ. ತಮ್ಮದೇ ಪ್ರದರ್ಶನದಿಂದ ಸುಮಾ ಅವರ ಕ್ಲೇಮ್ 2 ಹೋಯಿತು.

ಉತ್ತರದ ಆಯ್ಕೆಗಳಲ್ಲಿ "ಎರಡೂ ಉಳಿಯುತ್ತವೆ", "ಎರಡೂ ಹೋಗುತ್ತವೆ", "1 ಮಾತ್ರ ಉಳಿಯುತ್ತದೆ" ಅಂತೆಲ್ಲ ಇರುತ್ತದೆ, ತಪ್ಪು ಆಯ್ಕೆ ಪ್ರತಿಯೊಂದರ ಹಿಂದೆಯೂ ಒಂದು ತಪ್ಪು ಯೋಚನೆ ಕಾದು ಕೂತಿರುತ್ತದೆ. ಭಾರತದಲ್ಲಿ ಪೇಟೆಂಟ್ ಕೆಲಸ ಮಾಡಿ ಬಂದವರು "ತೋರಿಸಿದರೆ ಮುಗೀತು" ಅಂತ ಹಿಡಿಯುತ್ತಾರೆ, ಯಾಕೆಂದರೆ ನಮ್ಮಲ್ಲಿ ಇಂಥ ರಿಯಾಯಿತಿ ಕೆಲವೇ ನಿರ್ದಿಷ್ಟ ಸಂದರ್ಭಗಳಿಗೆ ಮಾತ್ರ ಇದೆ.

ಇನ್ನೊಂದು ಬಲೆ ಅಂದರೆ ಹಳೆಯ ಕಾನೂನು. ಅಮೆರಿಕದಲ್ಲಿ 2013ರ ಮಾರ್ಚ್ 16ಕ್ಕೆ ಮುಂಚೆ "ಮೊದಲು ಕಂಡುಹಿಡಿದವರಿಗೆ", ಅಲ್ಲಿಂದ ಮುಂದೆ "ಮೊದಲು ಅರ್ಜಿ ಹಾಕಿದ ಸಂಶೋಧಕರಿಗೆ" ಅನ್ನುವ ನಿಯಮ. ಎಂಪಿಇಪಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇವೆ. ಅವಸರದಲ್ಲಿ ಹಳೆಯ ಬೀದಿಗೆ ನುಗ್ಗಿ ಅಲ್ಲಿಯ ಉತ್ತರ ಹಿಡಿದುಕೊಂಡು ಬರುವವರು ಬಹಳ. ಪ್ರಶ್ನೆಯಲ್ಲಿ ದಿನಾಂಕ ಕಂಡ ಕೂಡಲೇ 2013ರ ಯಾವ ಕಡೆ ಅಂತ ನೋಡಿಕೊಳ್ಳಿ. ಹಾಗೇ "ಇವುಗಳಲ್ಲಿ ಯಾವುದು ಸರಿಯಲ್ಲ" ಅನ್ನುವ ಪ್ರಶ್ನೆಗಳು. ಆ "ಅಲ್ಲ" ಕಣ್ಣಿಗೆ ಬೀಳದೆ ಅಂಕ ಕಳಕೊಂಡ ನೋವು ನನಗೆ ಗೊತ್ತು.

ಆ ದಿನ ಹೇಗಿರುತ್ತದೆ

ನಾನು ಹೋದ ಕೇಂದ್ರ ಒಂದು ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿತ್ತು. ಫೋನ್, ವಾಚು, ಪರ್ಸ್ ಎಲ್ಲ ಲಾಕರಿಗೆ. ಜೇಬುಗಳನ್ನು ಹೊರಕ್ಕೆ ಮಗುಚಿ ತೋರಿಸಬೇಕು, ತೋಳು ಮಡಚಬೇಕು, ಕನ್ನಡಕ ಬಿಚ್ಚಿ ಕೊಟ್ಟರೆ ಅದರ ಕಡ್ಡಿಯನ್ನೂ ತಿರುಗಿಸಿ ನೋಡುತ್ತಾರೆ. ನನ್ನ ಪಕ್ಕ ನರ್ಸಿಂಗ್ ಪರೀಕ್ಷೆಗೆ ಬಂದ ಹುಡುಗಿ ಇದ್ದಳು, ಆಚೆ ಕಡೆ ಲೆಕ್ಕಪತ್ರದ ಪರೀಕ್ಷೆಯವರು. ಎಲ್ಲರದ್ದೂ ಬೇರೆ ಬೇರೆ ಪರೀಕ್ಷೆ, ಒಂದೇ ಕೋಣೆ. ಸದ್ದು ತಡೆಯುವ ಹೆಡ್‌ಫೋನ್ ಕೊಡುತ್ತಾರೆ, ಹಾಕಿಕೊಳ್ಳಿ, ಯಾರೋ ಜೋರಾಗಿ ಟೈಪ್ ಮಾಡುತ್ತಿರುತ್ತಾರೆ.

ಪರದೆಯ ಮೇಲೆ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಪುಸ್ತಕ. ಉದ್ದದ ಅಧ್ಯಾಯ ತೆರೆಯಲು ಕೆಲವು ಸೆಕೆಂಡು ಬೇಕು, ಹುಡುಕುವಾಗಲೂ ಅಷ್ಟೇ. ಮನೆಯ ಹೊಸ ಲ್ಯಾಪ್‌ಟಾಪಿನ ವೇಗ ಅಲ್ಲಿ ಇರುವುದಿಲ್ಲ ಅಂತ ಮೊದಲೇ ಅಂದುಕೊಳ್ಳಿ. ಕಷ್ಟದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಬಹುದು. ಆದರೆ ಬೆಳಿಗ್ಗೆಯ 50 ಮುಗಿಸಿ ಎದ್ದರೆ ಅವಕ್ಕೆ ಮತ್ತೆ ಬರುವಂತಿಲ್ಲ, ಅವು ಅಲ್ಲಿಗೆ ಮುಗಿದವು. ನಡುವಿನ ಬಿಡುವಿನಲ್ಲಿ ನಾನು ಕಾರಿನಲ್ಲಿ ಕೂತು ಮನೆಯಿಂದ ಕಟ್ಟಿಕೊಟ್ಟ ಮೊಸರನ್ನ ತಿಂದೆ. ಮಧ್ಯಾಹ್ನ ಇನ್ನೂ ಮೂರು ಗಂಟೆ ಕೂತು ಬರೆಯಬೇಕು, ಭಾರದ ಊಟ ಆಗಲ್ಲ.

ಕೊನೆಯ ಬಟನ್ ಒತ್ತಿದ ಮೇಲೆ ಸ್ವಲ್ಪ ಹೊತ್ತಿಗೆ ಪರದೆಯ ಮೇಲೇ ಪಾಸೋ ಫೇಲೋ ಅಂತ ಬಂತು. ಅದು ತಾತ್ಕಾಲಿಕ ಫಲಿತಾಂಶ, ಅಧಿಕೃತ ಪತ್ರ ಆಮೇಲೆ. ಎರಡನೇ ಸಲ ಆ ಪದ ಕಂಡಾಗ ಕೈ ನಡುಗುತ್ತಿತ್ತು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

ಪಾಸಾದ ಮೇಲೆ, ಮತ್ತು ವೀಸಾ

ಅಣ್ಣನ ಮಗಳ ಕೊನೆಯ ಪ್ರಶ್ನೆ ಇದೇ ಆಗಿತ್ತು, ಮತ್ತು ಇದನ್ನು ಮೊದಲೇ ಕೇಳಿಕೊಳ್ಳದೆ ಹಣ ಕಟ್ಟಿದವರನ್ನು ನೋಡಿದ್ದೇನೆ.

ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದು ಅಲ್ಲೇ ವಾಸವಿರುವವರಿಗೆ ಪೂರ್ಣ ನೋಂದಣಿ ಸಿಗುತ್ತದೆ, ನೋಂದಣಿ ನಂಬರ್ ಜೊತೆಗೆ. ವೀಸಾದ ಮೇಲೆ ಇರುವವರಿಗೆ ಸಿಗುವುದು ಸೀಮಿತ ಮಾನ್ಯತೆ. ಅದಕ್ಕೆ ಅಮೆರಿಕದಲ್ಲಿ ಕಾನೂನುಬದ್ಧವಾಗಿ ವಾಸವಿರಬೇಕು, ಕೆಲಸದ ಪರವಾನಗಿ ಇರಬೇಕು, ಆ ಪರವಾನಗಿಯಲ್ಲಿ ಪೇಟೆಂಟ್ ಅರ್ಜಿ ಬರೆದು ನಡೆಸುವ ಕೆಲಸಕ್ಕೆ ಅವಕಾಶ ಇದೆ ಅಂತ ಕಾಗದದಲ್ಲಿ ತೋರಿಸಬೇಕು. ಚಿಪ್ ಡಿಸೈನ್ ಎಂಜಿನಿಯರ್ ಅಂತ ಎಚ್-1ಬಿ ಇದ್ದರೆ, ಅದೇ ಕಾಗದ ಇಟ್ಟುಕೊಂಡು ಪೇಟೆಂಟ್ ಏಜೆಂಟ್ ಆಗಲು ಬರುವುದಿಲ್ಲ. ಪೇಟೆಂಟ್ ಕೆಲಸಕ್ಕೇ ಅಂತ ಸಂಸ್ಥೆಯೊಂದು ವೀಸಾ ಮಾಡಿಸಬೇಕು.

ಬೆಂಗಳೂರಿನಲ್ಲಿ ಕೂತು ಈ ಪರೀಕ್ಷೆ ಬರೆಯಬಹುದೇ ಅಂತಲೂ ಕೇಳುತ್ತಾರೆ. ಅಮೆರಿಕದ ಪ್ರಜೆಯಲ್ಲದೆ, ಅಲ್ಲಿ ವಾಸವೂ ಇಲ್ಲದೆ ನೋಂದಣಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಅರ್ಜಿಗಳ ಕರಡು ಬರೆಯುವವರು ಬಹಳ ಜನ ಇದ್ದಾರೆ, ಒಳ್ಳೆಯ ಕೆಲಸ ಮಾಡುತ್ತಾರೆ. ಆದರೆ ಕಚೇರಿಯ ಮುಂದೆ ಸಹಿ ಹಾಕಿ ನಡೆಸುವವರು ಅಲ್ಲಿ ನೋಂದಣಿ ಆದವರು. ಊರಲ್ಲೇ ಇರುವವರಿಗೆ ಭಾರತದ ಪೇಟೆಂಟ್ ಏಜೆಂಟ್ ಪರೀಕ್ಷೆ ಇದೆ: ಭಾರತದ ಪ್ರಜೆ, 21 ವರ್ಷ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ. ಎರಡು ಪತ್ರಿಕೆ ಮತ್ತು ಸಂದರ್ಶನ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 50, ಒಟ್ಟಾರೆ ಶೇಕಡಾ 60. ಅದು 1970ರ ಪೇಟೆಂಟ್ ಕಾಯ್ದೆಯ ಪರೀಕ್ಷೆ, ಅದರ ಓದೇ ಬೇರೆ.

ಸೀಮಿತ ಮಾನ್ಯತೆ ವೀಸಾದ ಜೊತೆಗೇ ನಡೆಯುತ್ತದೆ, ಅದು ಮುಗಿದರೆ ಇದೂ ಮುಗಿಯಿತು. ಗ್ರೀನ್ ಕಾರ್ಡ್ ಬಂದ ಮೇಲೆ ಪೂರ್ಣ ನೋಂದಣಿಗೆ ಅರ್ಜಿ ಹಾಕಬಹುದು. ಅಣ್ಣನ ಮಗಳ ಗ್ರೀನ್ ಕಾರ್ಡ್ ಇನ್ನೂ ಸಾಲಿನಲ್ಲಿದೆ. ಹಾಗಾಗಿ ಅವಳು ಮೊದಲು ಎರಡು ಕೆಲಸ ಹಿಡಿದಿದ್ದಾಳೆ: ಪೇಟೆಂಟ್ ಕೆಲಸಕ್ಕೆ ವೀಸಾ ಮಾಡಿಸುವ ಸಂಸ್ಥೆಗಳಿಗೆ ಅರ್ಜಿ, ಹಾಸನದಲ್ಲಿರುವ ತಮ್ಮನಿಗೆ ಫೋನ್ ಮಾಡಿ ಅಂಕಪಟ್ಟಿ. ರಾತ್ರಿ ಮಗು ಮಲಗಿದ ಮೇಲೆ 2100ನೇ ಅಧ್ಯಾಯದ ವಿಷಯಸೂಚಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದ್ದಾಳೆ, ನಿನ್ನೆ ಫೋಟೋ ಕಳಿಸಿದ್ದಳು.